ನೀರು ಬಿದ್ದ ಲ್ಯಾಪ್‌ಟಾಪ್‌: ಕೆಟ್ಟಿದ್ದೇನೆಂದು ನೋಡದೆ ಬೋರ್ಡ್‌ ಬದಲಿಸುವುದೇಕೆ?

ಮಾನ್ಯರೇ,

ಕಳೆದ ತಿಂಗಳು ರಾತ್ರಿ ಕೆಲಸ ಮಾಡುತ್ತಿದ್ದಾಗ ಕೈ ತಗುಲಿ ಅರ್ಧ ಲೋಟ ನೀರು ನನ್ನ ಲ್ಯಾಪ್‌ಟಾಪ್‌ನ ಕೀಬೋರ್ಡ್‌ ಮೇಲೆ ಚೆಲ್ಲಿತು. ಬಟ್ಟೆಯಿಂದ ಒರೆಸಿ ಕೆಲಸ ಮುಂದುವರಿಸಿದೆ. ಹತ್ತು ನಿಮಿಷದ ಬಳಿಕ ಪರದೆ ಕಪ್ಪಾಯಿತು. ಮರುದಿನ ಸೇವಾ ಕೇಂದ್ರದಲ್ಲಿ ತಳದ ಮುಚ್ಚಳ ಬಿಚ್ಚಿದವರು, ಒಳಗೆ ಅಂಟಿಸಿದ್ದ ನೀರು ತಾಗಿದರೆ ಬಣ್ಣ ಬದಲಿಸುವ ಪುಟ್ಟ ಬಿಳಿ ಗುರುತು ಕೆಂಪಾಗಿರುವುದನ್ನು ತೋರಿಸಿ, ವಾರಂಟಿ ಅನ್ವಯಿಸುವುದಿಲ್ಲ, ಚಿಪ್‌ಗಳಿರುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್‌ ಬದಲಿಸಬೇಕು ಎಂದರು. ಅವರು ಹೇಳಿದ ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಮುಕ್ಕಾಲು ಪಾಲಿನಷ್ಟಿತ್ತು. ಬೋರ್ಡಿನಲ್ಲಿ ಯಾವ ಭಾಗ ಕೆಟ್ಟಿದೆ ಎಂದು ಕೇಳಿದರೆ, ಅದನ್ನೆಲ್ಲ ಇಲ್ಲಿ ಪರೀಕ್ಷಿಸುವುದಿಲ್ಲ ಎಂಬ ಉತ್ತರ ಬಂತು.

ವಾರಂಟಿಯ ಬಗ್ಗೆ ನನಗೆ ತಕರಾರಿಲ್ಲ. ಅದು ತಯಾರಿಕೆಯ ದೋಷಕ್ಕೆ ಸಂಬಂಧಿಸಿದ್ದು. ನೀರು ಚೆಲ್ಲಿದ್ದು ನನ್ನ ಕೈತಪ್ಪಿನಿಂದ. ಆಕಸ್ಮಿಕ ಹಾನಿಗೆ ಪ್ರತ್ಯೇಕ ರಕ್ಷಣಾ ಯೋಜನೆ ಇರುತ್ತದೆ, ನಾನು ಅದನ್ನು ಕೊಂಡಿರಲಿಲ್ಲ. ಆದರೆ ಏನು ಕೆಟ್ಟಿದೆಯೆಂದು ನೋಡದೆಯೇ ಇಡೀ ಬೋರ್ಡಿನ ಬೆಲೆಯನ್ನು ಗ್ರಾಹಕರಿಂದ ಕೇಳುವುದು ಸರಿಯೇ?

ಕೊನೆಗೆ ಬೋರ್ಡ್‌ ಮಟ್ಟದ ರಿಪೇರಿ ಮಾಡುವ ತಂತ್ರಜ್ಞರೊಬ್ಬರ ಬಳಿ ಹೋದೆ. ಅವರು ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೀಬೋರ್ಡಿನ ಕನೆಕ್ಟರ್‌ ಪಕ್ಕದಲ್ಲಿ ವಿದ್ಯುತ್ತನ್ನು ಹಿಡಿದಿಡುವ, ಸಾಸಿವೆ ಕಾಳಿಗಿಂತ ಸಣ್ಣ ಕೆಪಾಸಿಟರ್‌ ಒಂದರ ಬುಡದಲ್ಲಿ ಹಸಿರು ಕಿಲುಬು ಕಟ್ಟಿರುವುದನ್ನು ನನಗೂ ತೋರಿಸಿದರು. ಶುದ್ಧ ನೀರಿನಲ್ಲಿ ವಿದ್ಯುತ್‌ ಅಷ್ಟಾಗಿ ಹರಿಯುವುದಿಲ್ಲ; ಹರಿಯುವುದು ಅದರಲ್ಲಿ ಕರಗಿರುವ ಲವಣಗಳಿಂದ. ಬ್ಯಾಟರಿ ಜೋಡಣೆಯಲ್ಲೇ ಇದ್ದರೆ ಒದ್ದೆ ಜಾಗದಲ್ಲಿ ವಿದ್ಯುತ್‌ ಹರಿದು ತಾಮ್ರ ಕರಗುತ್ತದೆ, ಅಕ್ಕಪಕ್ಕದ ಬಿಂದುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹನ್ನೊಂದು ಹನ್ನೆರಡು ವೋಲ್ಟ್‌ನ ಬ್ಯಾಟರಿ ಮಾರ್ಗವು ಸುಮಾರು ಒಂದು ವೋಲ್ಟ್‌ನಲ್ಲಿ ನಡೆಯುವ ಪ್ರೊಸೆಸರ್‌ ಮಾರ್ಗಕ್ಕೆ ಹೀಗೆ ತಾಗಿದರೆ ಚಿಪ್‌ ಸುಟ್ಟುಹೋಗುತ್ತದೆ, ಆಗ ಬೋರ್ಡ್‌ ಬದಲಿಸದೆ ಹೆಚ್ಚೇನೂ ಮಾಡಲಾಗುವುದಿಲ್ಲ. ನನ್ನ ಪಾಲಿಗೆ ಹಾಗಾಗಿರಲಿಲ್ಲ. ಬೋರ್ಡನ್ನು ಐಸೊಪ್ರೊಪೈಲ್‌ ಆಲ್ಕೋಹಾಲ್‌ನಿಂದ ತೊಳೆದು, ಎರಡು ಬಿಡಿಭಾಗ ಬದಲಿಸಿದರು. ತೆತ್ತದ್ದು ಮೊದಲ ಅಂದಾಜಿನ ಎಂಟನೇ ಒಂದು ಪಾಲು.

ಸೇವಾ ಕೇಂದ್ರಗಳಿಗೂ ಅವುಗಳದೇ ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. ಒಮ್ಮೆ ನೆನೆದ ಬೋರ್ಡಿನಲ್ಲಿ ಚಿಪ್‌ಗಳ ಅಡಿ ಉಳಿದ ತೇವ ತಿಂಗಳುಗಳ ಬಳಿಕವೂ ತುಕ್ಕು ಹಿಡಿಸಬಹುದು, ಅಂಥದ್ದಕ್ಕೆ ಭರವಸೆ ಕೊಡುವುದು ಕಷ್ಟ. ಹಾಗಿದ್ದರೆ ಕಡಿಮೆ ಅವಧಿಯ ಭರವಸೆಯೊಂದಿಗೆ ಬೋರ್ಡ್‌ ರಿಪೇರಿ, ಪೂರ್ಣ ಭರವಸೆಯೊಂದಿಗೆ ಹೊಸ ಬೋರ್ಡ್‌ ಎಂದು ಎರಡನ್ನೂ ಗ್ರಾಹಕರ ಮುಂದಿಡಬಹುದಲ್ಲ! ಕೆಟ್ಟಿದ್ದು ಯಾವುದು ಎಂದು ಬರಹದಲ್ಲಿ ಕೊಡುವುದಕ್ಕಂತೂ ಯಾವ ಅಡ್ಡಿಯೂ ಇರಬಾರದು.

ಖರ್ಚು ಹೆಚ್ಚಲು ತಯಾರಿಕೆಯ ವಿಧಾನವೂ ಕಾರಣ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ ಮತ್ತು ಮೆಮೊರಿಯನ್ನು, ಕೆಲವದರಲ್ಲಿ ಸ್ಟೋರೇಜ್‌ ಅನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಕೀಬೋರ್ಡನ್ನು ಮೇಲಿನ ಕವಚಕ್ಕೆ ರಿವೆಟ್‌ ಹೊಡೆದು ಕೂರಿಸಿರುತ್ತಾರೆ. ಒಂದು ಕೀಲಿ ಹೋದರೂ ಇಡೀ ಕವಚಕ್ಕೆ ದುಡ್ಡು ತೆರಬೇಕಾಗುತ್ತದೆ. ಇದು ಅನಿವಾರ್ಯವೇನಲ್ಲ. ಥಿಂಕ್‌ಪ್ಯಾಡ್‌ ಸರಣಿಯ ಹಲವು ಮಾದರಿಗಳಲ್ಲಿ ಕೀಬೋರ್ಡ್‌ ಮೇಲೆ ಬಿದ್ದ ನೀರು ತಳಕ್ಕೆ ಹರಿದುಹೋಗಲು ದಾರಿಯನ್ನೇ ಮಾಡಿದ್ದಾರೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್‌ ಮಾರುವಾಗ ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ 10ರಲ್ಲಿ ಅಂಕ ಕೊಟ್ಟು ತೋರಿಸಬೇಕಿದ್ದು, ಬಿಡಿಭಾಗಗಳ ಬೆಲೆಯನ್ನೂ ಆ ಅಂಕಕ್ಕೆ ಪರಿಗಣಿಸಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಲ್ಲಿ ಜಾರಿಯಾದ ಕಾನೂನಿನ ಪ್ರಕಾರ ಇಂಥ ಸಾಧನಗಳ ಬಿಡಿಭಾಗ, ಉಪಕರಣ ಮತ್ತು ಕೈಪಿಡಿಗಳನ್ನು ತಯಾರಿಕೆ ನಿಂತ ಮೇಲೂ 7 ವರ್ಷ ಒದಗಿಸಬೇಕು. ಇಂಥ ನಿಯಮ ಎಲ್ಲ ಕಡೆಯ ಗ್ರಾಹಕರಿಗೂ ಬೇಕು.

ಓದುಗರಿಗೆ ಒಂದು ವಿನಂತಿ. ನೀರು ಚೆಲ್ಲಿದ ಕೂಡಲೇ ಚಾರ್ಜರ್‌ ಕಿತ್ತು, ಪವರ್‌ ಗುಂಡಿ ಒತ್ತಿ ಹಿಡಿದು ಆರಿಸಿ, ಯಂತ್ರವನ್ನು ಬೋರಲು ಹಾಕಿ. ನಡೆಯುತ್ತದೆಯೋ ನೋಡೋಣ ಎಂದು ಮತ್ತೆ ಚಾಲೂ ಮಾಡಬೇಡಿ. ಅಕ್ಕಿಯಲ್ಲಿ ಹೂತಿಟ್ಟರೆ ಬೋರ್ಡಿನ ಮೇಲಿನ ಲವಣ ಹೋಗುವುದಿಲ್ಲ. ಆ ಹತ್ತು ನಿಮಿಷ ನಾನು ಕೆಲಸ ಮುಂದುವರಿಸದಿದ್ದರೆ ಬಹುಶಃ ತೊಳೆಯುವ ಖರ್ಚಿನಲ್ಲೇ ಮುಗಿಯುತ್ತಿತ್ತು.

ನನ್ನನ್ನು ಈಗಲೂ ಕಾಡುವುದು ಇನ್ನೊಂದು ಸಂಗತಿ. ನನ್ನ ಎರಡು ವರ್ಷದ ಅನುವಾದದ ಕರಡುಗಳೆಲ್ಲ ಇದ್ದದ್ದು ಬೋರ್ಡಿಗೆ ಬೆಸೆದ ಸ್ಟೋರೇಜ್‌ನಲ್ಲಿ. ಬೋರ್ಡ್‌ ಬದಲಿಸಲು ಒಪ್ಪಿದ್ದರೆ ಹಳೆಯ ಬೋರ್ಡಿನ ಜೊತೆ ಅವೂ ಹೋಗುತ್ತಿದ್ದವು. ಸೇವಾ ಕೇಂದ್ರದಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಸಹಿ ಮಾಡಲು ಕೊಟ್ಟ ಹಾಳೆಯ ಕೊನೆಯಲ್ಲಿ, ದತ್ತಾಂಶಕ್ಕೆ ನಾವು ಹೊಣೆಯಲ್ಲ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಒಳಗಿರುವ ದತ್ತಾಂಶ ನಿಮಗೆ ಬೇಕೇ ಎಂಬ ಪ್ರಶ್ನೆ ಆ ಹಾಳೆಯ ಮೊದಲ ಸಾಲಿನಲ್ಲೇ ಇರಬೇಕೆಂದು ಕಂಪನಿಗಳನ್ನು ಕೋರುತ್ತೇನೆ.

– ಒಬ್ಬ ಅನುವಾದಕಿ