ರೋಮ್ ಚಿತ್ರಗಳನ್ನು ನೋಡುವಾಗ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಷಿಕಾಗೊ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೇ ರೋಮ್ ಚಿತ್ರಗಳ, ಅಂದರೆ 16ನೇ ಶತಮಾನದಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ಚಿತ್ರಗಳ, ಕೆಲಸ ಸಿಕ್ಕಿದೆ ಅಂತ ಬರೆದಿದ್ದೀಯ. ಓದಿ ಹೊಟ್ಟೆ ತುಂಬಿತು. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಚ್ಚು ತೆಗೆದವನು ನಾನು, ಹೇಳದೆ ಇರೋಕ್ಕಾಗಲ್ಲ.

ಸ್ಕ್ರೀನಿನಲ್ಲಿ ನೋಡಿ ಬಿಡಬೇಡ, ಹಾಳೆಯನ್ನೇ ನೋಡು. ಬೆಳಕು ಪಕ್ಕದಿಂದ ಬೀಳಲಿ. ಚಿತ್ರದ ಸುತ್ತ ಸಣ್ಣಗೆ ತಗ್ಗಾದ ಗೆರೆ ಕಾಣುತ್ತೆ. ಒದ್ದೆ ಕಾಗದದ ಮೇಲೆ ತಾಮ್ರದ ತಗಡು ಒತ್ತಿದ ಗುರುತು ಅದು. ಆಮೇಲೆ ನೆರಳಿನ ಜಾಗದ ಗೆರೆಗಳನ್ನು ನೋಡು. ಕಪ್ಪಗೆ, ಚೂಪಾಗಿದ್ದರೆ ತಗಡು ಹೊಸದಿದ್ದಾಗ ತೆಗೆದ ಪ್ರತಿ. ಮಂಕಾಗಿದ್ದರೆ ತಗಡು ಸವೆದಿದೆ. ನಾನೂ ಒಮ್ಮೆ ಸವೆದ ಬ್ಲಾಕಿನಿಂದ ದೇವಸ್ಥಾನದ ಗೋಪುರ ಅಚ್ಚು ಹಾಕಿದ್ದೆ. ಕಳಸದ ಸಣ್ಣ ಗೆರೆಗಳೇ ಹೋಗಿಬಿಟ್ಟಿದ್ದವು. ಇವತ್ತಿಗೂ ಬೇಜಾರಿದೆ.

ಇನ್ನೊಂದು. ರೋಮ್‌ನಲ್ಲಿ ಆಂಟೋನಿಯೊ ಲಾಫ್ರೆರಿ ಅನ್ನೋ ಪ್ರಕಾಶಕ ಈ ಚಿತ್ರಗಳನ್ನು ಬಿಡಿ ಹಾಳೆಯಾಗಿ ಮಾರುತ್ತಿದ್ದ. 1570ರ ದಶಕದಲ್ಲಿ ಅವಕ್ಕೊಂದು ಮುಖಪುಟ ಬಂತು, ‘ರೋಮ್ ವೈಭವದ ಕನ್ನಡಿ’ ಅನ್ನೋ ಅರ್ಥದ ಲ್ಯಾಟಿನ್ ಹೆಸರಿನದು. ಕೊಳ್ಳುವವರು ಬೇಕಾದ್ದನ್ನು ಆರಿಸಿ ಬೈಂಡ್ ಮಾಡಿಸಿಕೊಂಡರು. ಒಂದು ಪ್ರತಿಯ ಹಾಗೆ ಇನ್ನೊಂದಿಲ್ಲ. ಅದಕ್ಕೇ ‘ಹಾಳೆ ಕಳೆದಿದೆ’ ಅಂತ ಅವಸರಪಟ್ಟು ಬರೆಯಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಚಿತ್ರಗಾರ ಕಂಡದ್ದೆಷ್ಟು, ತುಂಬಿದ್ದೆಷ್ಟು ಅಂತ ಪ್ರತಿ ಸಲ ಕೇಳಿಕೊ. 16ನೇ ಶತಮಾನದ ಚಿತ್ರಗಾರ ಪಿರ್ರೊ ಲಿಗೋರಿಯೊ, ಪ್ರಾಚೀನ ರೋಮ್‌ನ ರಥಸ್ಪರ್ಧೆಯ ಮೈದಾನ ಸರ್ಕಸ್ ಮ್ಯಾಕ್ಸಿಮಸ್ ಅನ್ನು ಇಡಿಯಾಗಿ ನಿಲ್ಲಿಸಿ ತೋರಿಸಿದ. ಅವನ ಕಾಲಕ್ಕೆ ಅಲ್ಲಿ ತೋಟ ಬೆಳೆಯುತ್ತಿದ್ದರು! ಅದು ಸುಳ್ಳಲ್ಲ. ಓದಿ, ಅಳೆದು, ಊಹಿಸಿ ಕಟ್ಟಿದ ರೋಮ್ ಅದು. ಆದರೆ ಕಣ್ಣಾರೆ ಕಂಡದ್ದಲ್ಲ, ಅಲ್ವಾ?

ಸೆಪ್ಟಿಜೋಡಿಯಂ ಮಾತೇ ಬೇರೆ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 203ರಲ್ಲಿ ಕಟ್ಟಿಸಿದ ಕಂಬಗಳ ಮುಂಗಟ್ಟು. 16ನೇ ಶತಮಾನಕ್ಕೆ ಉಳಿದಿದ್ದು ಒಂದು ಮೂಲೆ ಮಾತ್ರ, ಮೂರು ಅಂತಸ್ತು. 1588-89ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಅದನ್ನೂ ಕೆಡವಿಸಿ, ಕಲ್ಲನ್ನು ಬೇರೆ ಕಟ್ಟಡಗಳಿಗೆ ಹಾಕಿಸಿದ. ಅದನ್ನು ನೋಡಿ ಬರೆದವರ, ಕೊರೆದವರ ಹಾಳೆಗಳಿಂದಲೇ ನಮಗೆ ಆ ಮೂಲೆಯ ರೂಪ ಗೊತ್ತು. ಅಂಥ ಹಾಳೆ ಕೈಗೆ ಬಂದರೆ ಬೇಗ ಕೆಳಗಿಡಬೇಡ. ಮುರಿದ ಕಂಬ, ಕಲ್ಲಿನ ಸಂದಿನ ಹುಲ್ಲು, ಎಲ್ಲ ನೋಡು.

ಮುಂದಿನ ಕಾಗದದಲ್ಲಿ ಆ ಹಾಳೆಯ ಬಗ್ಗೆ ಬರಿ. ಗೆರೆ ಕಪ್ಪಗಿದೆಯಾ, ಮಂಕಾಗಿದೆಯಾ, ಮೊದಲು ಅದು ಹೇಳು.

ನಿನ್ನ ದೊಡ್ಡಪ್ಪ