ಉದ್ಯಾನದಲ್ಲಿ ಮಕ್ಕಳಿಗೊಂದು ಮೂಲೆ ಬಿಡಿ

ಮಾನ್ಯರೇ,

ಯುಗಾದಿ ಹತ್ತಿರವಾದಂತೆ ಬೇಸಿಗೆ ಶಿಬಿರಗಳ ಜಾಹೀರಾತು ಬೀದಿಬೀದಿಯಲ್ಲಿ ಕಾಣಿಸುತ್ತವೆ. ಹೆಚ್ಚಿನವು ಅಂಗಡಿಯಿಂದ ತಂದ ಬಣ್ಣದ ಕಾಗದ, ಥರ್ಮಾಕೋಲ್‌ಗಳಲ್ಲೇ ಕೋಣೆಯೊಳಗೆ ಮುಗಿದುಹೋಗುತ್ತವೆ. ಹೊರಗೆ ಹೊಂಗೆ ಚಿಗುರಿ ನೆಲದ ತುಂಬ ಹೂ ಚೆಲ್ಲಿರುತ್ತದೆ.

ಒಂದು ತೆಂಗಿನ ಗರಿ ಸಿಕ್ಕರೆ ಪೀಪಿ, ಗಿರಗಿಟ್ಟಲೆ, ಕೈಗಡಿಯಾರ, ಹಾವು ಎಲ್ಲವೂ ಆಗುತ್ತದೆ. ಗುಲ್‌ಮೊಹರ್ ಮೊಗ್ಗು ಬಿಡಿಸಿ, ಎರಡು ಕೇಸರಗಳನ್ನು ಸಿಕ್ಕಿಸಿ ಎಳೆದರೆ ಯಾರದರ ತಲೆ ಉದುರಿತೋ ಅವರು ಸೋತಂತೆ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವುದನ್ನು ಹಳ್ಳಿಯ ಅಜ್ಜಿಯರು ಇಂದಿಗೂ ಕಲಿಸಬಲ್ಲರು. ಮುತ್ತುಗ ಹೊಸ ಎಲೆ ಬಿಡುವ ಕಾಲವೂ ಇದೇ. ಆ ಅಜ್ಜಿಯರನ್ನೇ ಶಿಬಿರಕ್ಕೆ ಕರೆಯಬಾರದೇಕೆ?

ನಮ್ಮ ಬಡಾವಣೆಯ ಉದ್ಯಾನದಲ್ಲಿ ಉದುರಿದ ಹೂ ಆಯುವ ಮಕ್ಕಳನ್ನೂ ಗದರಿಸಿ ಕಳಿಸುತ್ತಾರೆ. ಇದು ಬಹಳ ನೋವಿನ ಸಂಗತಿ. ಏಪ್ರಿಲ್, ಮೇ ತಿಂಗಳುಗಳಲ್ಲಾದರೂ ಪ್ರತಿ ಉದ್ಯಾನದಲ್ಲಿ ನೆರಳಿರುವ ಒಂದು ಮೂಲೆ, ಒಂದಿಷ್ಟು ಕೆಮ್ಮಣ್ಣು, ಒಂದು ನಲ್ಲಿಯನ್ನು ಮಕ್ಕಳಿಗೆಂದೇ ಬಿಡಲಿ. ಬಿಸಿಲೇರುವ ಮುನ್ನ, ಬೆಳಿಗ್ಗೆ 7ರಿಂದ 10ರವರೆಗೆ ಸಾಕು. ಅವರು ಹುರುಳಿ, ಮೆಂತ್ಯ ಬಿತ್ತಲಿ, ಹಕ್ಕಿಗಳಿಗೆ ಬಟ್ಟಲಲ್ಲಿ ನೀರಿಡಲಿ, ಮಣ್ಣು ಮೆತ್ತಿಕೊಳ್ಳಲಿ. ತೋಟಗಾರಿಕೆ ಇಲಾಖೆ ಮತ್ತು ನಗರಪಾಲಿಕೆಗಳು ಈ ರಜೆಯಲ್ಲೇ ಇದನ್ನು ಆರಂಭಿಸಬೇಕು.

– ಒಬ್ಬ ಪೋಷಕಿ, ಮೈಸೂರು