ಫ್ರೇಮ್ ಅಂಗಡಿ ಅಣ್ಣಂಗೆ ಥ್ಯಾಂಕ್ಸ್
ಮೈಸೂರಲ್ಲಿ ಅರಸು ರಸ್ತೆ ಪಕ್ಕದ ಗಲ್ಲೀಲಿ ಫ್ರೇಮ್ ಹಾಕೋ ಅಣ್ಣ, ನಿಮ್ ಹೆಸರು ಗೊತ್ತಿಲ್ಲ, ಆದ್ರೂ ಇಲ್ಲಿ ಥ್ಯಾಂಕ್ಸ್ ಹೇಳ್ಲೇಬೇಕು. ಅಪ್ಪ ಬರೆದಿದ್ದ ಗಜಲಕ್ಷ್ಮಿ ಚಿತ್ರದ ಮೇಲೆ ಗಾಜಿನೊಳಗೆ ಬೂಷ್ಟು ಬಂದಿತ್ತು, ಒದ್ದೆ ಬಟ್ಟೇಲಿ ಒರೆಸಿಬಿಡಪ್ಪ ಅಂತ ಅಮ್ಮ ಅಂದಿದ್ದಕ್ಕೆ ನೀವು ಗಾಬರಿಯಾಗಿ "ಬೇಡಮ್ಮ, ಇದು ಗೆಸ್ಸೋ ಕೆಲ್ಸ, ರೇಕಿನ ಕೆಳಗೆ ಉಬ್ಬಿಸಿ ಹಚ್ಚಿರೋ ಪೇಸ್ಟು, ಅದ್ರ ಗೋಂದು ನೀರಿಗೆ ಮೆತ್ತಗಾಗತ್ತೆ, ಚಿನ್ನದ ರೇಕು ಎದ್ದು ಬರತ್ತೆ" ಅಂತ ತಡೆದು ಒಣ ಬ್ರಶ್ಶಲ್ಲೇ ನಿಧಾನಕ್ಕೆ ಬಿಡಿಸಿದ್ರಿ, ಗಾಜು ತಾಗ್ದಂಗೆ ಮಧ್ಯ ಪಟ್ಟೀನೂ ಕೊಟ್ರಿ. ನಮ್ ಮೈಸೂರು ಶೈಲೀಲಿ ಗೆಸ್ಸೋ ತಂಜಾವೂರಿನಷ್ಟು ದಪ್ಪ ಇರಲ್ಲ, ತೆಳ್ಳಗೆ, ಅದಕ್ಕೇ ಅಷ್ಟು ನಾಜೂಕು. 2005ರಲ್ಲಿ ಈ ಶೈಲಿಗೆ ಜಿಐ ಟ್ಯಾಗ್ (ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರುತು) ಸಿಕ್ತು, ಅಪ್ಪನ ಸಂಪಾದನೆ ಮಾತ್ರ ಅಲ್ಲೇ ಇತ್ತು ಬಿಡಿ.

ಹಿಂದಿನ ರಟ್ಟಲ್ಲಿ ಸಿಕ್ಕ ಪೆನ್ಸಿಲ್ ಸ್ಕೆಚ್ಚನ್ನ ಎಸೀದೆ ಕವರಲ್ಲಿ ಹಾಕಿ ಕೊಟ್ರಲ್ಲ, ಅದೇ ದೊಡ್ಡದು. ಅದ್ರಲ್ಲಿ ಆನೆ ಸೊಂಡಿಲು ಅಳಿಸಿ ಅಳಿಸಿ ಬರೆದು ಪೇಪರ್ರೇ ಸವೆದಿದೆ. ನಾನೀಗ ಟ್ಯಾಬಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ, ಆದ್ರೂ ಗೆರೆ ಒಂದೇ ಉಸಿರಲ್ಲಿ ಎಳೆಯೋದು, ಕಣ್ಣು ಕೊನೇಗೆ ತೆರೆಸೋದು ಎಲ್ಲಾ ಅಪ್ಪಂದೇ. ದುಡ್ಡು ಬರೀ ಫ್ರೇಮಿಂದು ತಗೊಂಡ್ರಿ. ಅಮ್ಮ ಹೋಳಿಗೆ ತರ್ತಾರಂತೆ, ಬೇಡ ಅನ್ಬೇಡಿ.